ಮೊದಲ ದಿನವೇ ಹಾಗಿಯಾ ಸೋಫಿಯಾ ಯಾಕೆ?

ಇಸ್ತಾಂಬುಲ್‌ಗೆ ಇಳಿದ ದಿನವೇ ಹಾಗಿಯಾ ಸೋಫಿಯಾ (ಚರ್ಚಾಗಿ ಕಟ್ಟಿದ, ಈಗ ಮಸೀದಿಯಾಗಿರುವ ಹಳೇ ಕಟ್ಟಡ) ನೋಡಿ ಮುಗಿಸಿ ಅಂತ ನಿಮ್ಮ ಪ್ರವಾಸದ ಬರಹದಲ್ಲಿ ಹೇಳಿದ್ದೀರಿ. ಅದೊಂದನ್ನು ಒಪ್ಪಲಾರೆ. ನಿದ್ದೆಗಣ್ಣಲ್ಲಿ ಅಷ್ಟುದ್ದದ ಸಾಲಲ್ಲಿ ನಿಂತರೆ ಜೊತೆಗೆ ಬಂದ ಗೆಳತಿಯ ಹತ್ತಿರ ಜಗಳವೇ ಗತಿ. 537ರಲ್ಲಿ ಕಟ್ಟಿದ್ದು, ನಾಳೆಯೂ ಅಲ್ಲೇ ಇರುತ್ತದೆ ಅಲ್ವಾ? ನಾವಿಬ್ಬರು ಸುಮ್ನೆ ಯುರೋಪ್ ದಡದ ಎಮಿನೊನುವಿನಲ್ಲಿ, ಏಷ್ಯಾ ದಡದ ಕಡಿಕೊಯ್‌ಗೆ ಹೋಗುವ ಫೆರ್ರಿ ಹತ್ತಿದೆವು. ಒಂದೇ ಇಸ್ತಾಂಬುಲ್‌ಕಾರ್ಟನ್ನು (ಅಲ್ಲಿನ ಬಸ್ಸು, ಫೆರ್ರಿಗಳ ಪ್ರಯಾಣದ ಕಾರ್ಡು) ಎರಡು ಸಲ ತೋರಿಸಿದರೆ ಇಬ್ಬರಿಗೂ ಆಯಿತು. ಸುಮಾರು 20 ನಿಮಿಷ, ಯುರೋಪಿನಿಂದ ಏಷ್ಯಾಕ್ಕೆ! ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ (ನನಗೆ ಸಕ್ಕರೆ ಎರಡು ತುಂಡು ಜಾಸ್ತಿಯೇ ಬೇಕಾಯಿತು), ಕೈಯಲ್ಲಿ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು, ಸಿಮಿತ್. ಗೆಳತಿ ಒಂದು ತುಂಡು ಮುರಿದು ಎಸೆದಳು. ಅದು ನೀರು ಮುಟ್ಟುವ ಮೊದಲೇ ಕಡಲಹಕ್ಕಿಯ ಬಾಯಲ್ಲಿತ್ತು. ವಾಪಸ್ ಬರುವಾಗಲೂ ಅದೇ ಫೆರ್ರಿ, ಇನ್ನೆರಡು ಸಿಮಿತ್.