ಡೇಟ್ ಕೊಟ್ಟವರು ಡಾಕ್ಟರು, ಒಪ್ಪಬೇಕಾದದ್ದು ಮಗು

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದರೆ ಹೆರಿಗೆಯ ಡೇಟ್ ಸಿಗುತ್ತದೆ. ಲೆಕ್ಕ ಸುಲಭ. ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು 100ಕ್ಕೆ 4-5 ಮಾತ್ರ. ಮಿಕ್ಕವರೆಲ್ಲ ತಮಗೆ ಬೇಕಾದಾಗ ಬರುತ್ತಾರೆ. ಡಾಕ್ಟರು ಇದನ್ನು ಬಿಡಿಸಿ ಹೇಳಿದರೂ ನಮ್ಮ ಮನೆಯವರು ಕಿವಿಗೆ ಹಾಕಿಕೊಂಡಿದ್ದು ಡೇಟ್ ಒಂದನ್ನೇ.

ನನ್ನ ಗಂಡ ಐಟಿಯವರು. ಅವರಿಗೆ ಡೇಟ್ ಅಂದರೆ ಡೆಡ್‌ಲೈನ್. ತಕ್ಷಣ ಎಕ್ಸೆಲ್ ಶೀಟ್ ತೆರೆದು, ಆ ವಾರ ಪೂರ್ತಿ ರಜೆ ಹಾಕಿದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ವಾ, ಹಾಗಾಗಿ ನಾನು ಮೈಸೂರಿಗೆ ಬಂದೆ. ಅಲ್ಲಿ ಅಮ್ಮ ಪಂಚಾಂಗ ತೆರೆದರು. ಆ ದಿನ ಅಮಾವಾಸ್ಯೆ! "ಒಂದಿನ ಆಚೆ ಈಚೆ ಮಾಡೋಕೆ ಹೇಳೇ" ಅಂದರು. ಹೇಳಬೇಕಾದ್ದು ಡಾಕ್ಟರಿಗೋ ಮಗುವಿಗೋ ಅಂತ ಕೇಳಿದರೆ ಉತ್ತರ ಬರಲಿಲ್ಲ.

ನಾನು ಒಂದು ಹಾಳೆಯಲ್ಲಿ ಎಲ್ಲ ಸಾಧ್ಯತೆಗಳನ್ನೂ ಬರೆದೆ. ನಾರ್ಮಲ್ ಆದರೆ ಹೀಗೆ, ಸಿಸೇರಿಯನ್ ಆದರೆ ಹಾಗೆ. ರಾತ್ರಿ ನೋವು ಬಂದರೆ ಕಾರು ಯಾರು ಓಡಿಸಬೇಕು, ಕಾರು ಕೈಕೊಟ್ಟರೆ 108. ಸಿಸೇರಿಯನ್ ಅಂದರೆ ಡಾಕ್ಟರಿಗೆ ಎರಡು ಪ್ರಶ್ನೆ: ಈಗಲೇ ಆಗಬೇಕಾ? ಸ್ವಲ್ಪ ಕಾದರೆ ಏನಾಗುತ್ತೆ? ಅಮ್ಮ ಓದಿ "ಬಿಡ್ತು ಅನ್ನು" ಅಂದರು. ಕರ್ನಾಟಕದಲ್ಲಿ 100ಕ್ಕೆ 30ಕ್ಕಿಂತ ಜಾಸ್ತಿ ಹೆರಿಗೆ ಸಿಸೇರಿಯನ್ನೇ ಅಂದೆ. "ಅದು ಬೇರೆಯವರಿಗೆ" ಅಂದರು.

ಆಸ್ಪತ್ರೆಯ ಬ್ಯಾಗೂ ರೆಡಿ ಇತ್ತು. ಹಳೇ ಕಾಟನ್ ಸೀರೆ ಹರಿದು ಮಾಡಿದ ಬಟ್ಟೆ, ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು. ಜೊತೆಗೆ ಹೊಕ್ಕುಳ ಮುಚ್ಚುವಷ್ಟು ದೊಡ್ಡ ಒಳಚಡ್ಡಿ, ಹೊಲಿಗೆ ಬಿದ್ದರೆ ಎಲಾಸ್ಟಿಕ್ ಉಜ್ಜಬಾರದು ಅಂತ. ಅದನ್ನು ನೋಡಿ ಓಣಿಯ ಹೆಂಗಸರೆಲ್ಲ ನಕ್ಕರು.

ಒಂದು ರಾತ್ರಿ ನೋವು ಶುರುವಾಯಿತು. ಅಪ್ಪ ಗಾಬರಿಯಲ್ಲಿ ಬ್ಯಾಗ್ ಎತ್ತಿ ಕಾರಿಗೆ ಹಾಕಿದರು. ಆಸ್ಪತ್ರೆಯಲ್ಲಿ ನರ್ಸ್ ಜಿಪ್ ಎಳೆದರೆ ಒಳಗೆ ರಾಗಿ! ಗಿರಣಿಗೆ ಹಾಕಿಸಲು ಬಾಗಿಲ ಹತ್ತಿರ ಇಟ್ಟಿದ್ದ ಐದು ಕೆಜಿ. ನರ್ಸ್ ಗಂಭೀರವಾಗಿ ಹೇಳಿದರು, "ಸರ್, ರಾಗಿ ಸರಿ ಕೊಡೋದು ಆರು ತಿಂಗಳಾದ ಮೇಲೆ." ನೋವೂ ಸುಳ್ಳು ನೋವು. ನಿಜವಾದದ್ದು ಬರಬರುತ್ತಾ ಹತ್ತಿರ ಹತ್ತಿರ ಬರುತ್ತದೆ, ಓಡಾಡಿದರೂ ಮಲಗಿದರೂ ಬಿಡುವುದಿಲ್ಲವಂತೆ. ನನ್ನದು ಒಂದು ಲೋಟ ನೀರಿಗೇ ಹೆದರಿ ಓಡಿತು. ರಾಗಿ ಸಮೇತ ಮನೆಗೆ ಬಂದೆವು.

ಅಮಾವಾಸ್ಯೆ ಬಂತು, ಹೋಯಿತು. ಅಮ್ಮನಿಗೆ ಖುಷಿ. "ಇನ್ನೂ ಆಗಿಲ್ವಾ?" ಅಂತ ಫೋನು ಮಾತ್ರ ನಿಲ್ಲಲಿಲ್ಲ. ಗಂಡ ರಜೆಯಿಡೀ ಅತ್ತೆ ಮನೆಯ ಒಬ್ಬಟ್ಟು ತಿಂದು, ರಜೆ ಮುಗಿದಾಗ ಬೆಂಗಳೂರಿನ ರೈಲು ಹತ್ತಿದರು. ರೈಲು ಮಂಡ್ಯ ದಾಟಿರಬೇಕು, ಇಲ್ಲಿ ನನಗೆ ನೀರು ಹೋಯಿತು.

ಈ ಸಲ ಬ್ಯಾಗ್ ಸರಿಯಾದದ್ದೇ. ಅಪ್ಪ ಜಿಪ್ ತೆಗೆದು ಮೂರು ಸಲ ನೋಡಿದ್ದರು. ಆದರೆ ನೀರು ಹಸಿರಾಗಿತ್ತು. ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿಕೊಂಡಿದೆ, ಎದೆಬಡಿತವೂ ಏರುಪೇರಾಗುತ್ತಿದೆ ಅಂದರು ಡಾಕ್ಟರು. ನನ್ನ ಎರಡು ಪ್ರಶ್ನೆ ಕೇಳಿದೆ. "ಈಗಲೇ ಆಗಬೇಕು. ಕಾಯೋದು ಒಳ್ಳೇದಲ್ಲ." ಸರಿ, ಸಹಿ ಹಾಕಿದೆ. ಅಮ್ಮನೂ ಹಾಕಬೇಕಿತ್ತು. ಪೆನ್ನು ಹಿಡಿದು "ರಾಹುಕಾಲ ಮುಗೀತಾ?" ಅಂದರು. ಮುಗಿದಿತ್ತೋ ಇಲ್ಲವೋ, ನರ್ಸ್ "ಹ್ಞೂಂ" ಅಂದುಬಿಟ್ಟರು. ಜಾಣೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ, ಎಚ್ಚರ ಮಾತ್ರ ಪೂರ್ತಿ ಇತ್ತು. ಪರದೆಯ ಆ ಕಡೆಯಿಂದ ಮಗಳ ಅಳು ಕೇಳಿತು. ಓಣಿಗೆಲ್ಲ ಕೇಳುವ ಹಾಗಿತ್ತು.

ಗಂಡ ಮದ್ದೂರಿನಲ್ಲಿ ಇಳಿದು, ಸಿಕ್ಕ ಬಸ್ ಹತ್ತಿ ಓಡಿ ಬಂದರು. ಕೈಯಲ್ಲಿ ಬಿಸಿ ಮದ್ದೂರು ವಡೆಯ ಪೊಟ್ಟಣ. ಅಂಥ ಗಾಬರಿಯಲ್ಲೂ ವಡೆ ಕೊಳ್ಳಲು ಪುರುಸೊತ್ತು ಹೇಗೆ ಸಿಕ್ಕಿತು ಅನ್ನೋದು ಇವತ್ತಿಗೂ ನಮ್ಮ ಮನೆಯ ಜಗಳ. ನನಗಂತೂ ಆಗ ಒಂದು ಗುಟುಕು ನೀರೂ ಕೊಡುತ್ತಿರಲಿಲ್ಲ. ಅಪ್ಪನೂ ನರ್ಸೂ ಹಂಚಿಕೊಂಡು ತಿಂದರು, ಈರುಳ್ಳಿ ಸ್ವಲ್ಪ ಕಮ್ಮಿ ಆಗಿದೆ ಅಂತ ಮಾತಾಡಿಕೊಳ್ಳುತ್ತಾ.