ಇನ್ನೊಂದು ಜೆರಾಕ್ಸ್ ಇರ್ಲಿ ಬಿಡು

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಶಿವಮೊಗ್ಗದ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಪ್ಪ ಅಂಗಡಿಯವನ ವಾಟ್ಸಾಪಿಗೆ ಆಧಾರ್ ಪಿಡಿಎಫ್ ಕಳಿಸಿದರು. ಅವನ ಕಂಪ್ಯೂಟರಿನಲ್ಲಿ ಅರ್ಧ ಊರಿನ ಆಧಾರ್, ಪಾನ್, ಅಂಕಪಟ್ಟಿ ಎಲ್ಲ ಸಾಲಾಗಿ ಬಿದ್ದಿದ್ದವು. ಫೈಲು ಪಾಸ್‌ವರ್ಡ್ ಕೇಳಿತು. "ಹುಟ್ಟಿದ ವರ್ಷ ಯಾವ್ದು ಸಾರ್?" ಅಂತ ಹಿಂದೆ ನಿಂತವರಿಗೂ ಕೇಳುವಂತೆ ಕೂಗಿದ. ಅಪ್ಪ ಅಷ್ಟೇ ಜೋರಾಗಿ ಹೇಳಿದರು. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ಇಸವಿ. ಇ-ಆಧಾರ್ ಪಾಸ್‌ವರ್ಡ್ ಎಲ್ಲರಿಗೂ ಅದೇ ತಾನೆ! ಬ್ಯಾಂಕಿಗೆ ಬೇಕಿದ್ದದ್ದು ಒಂದು ಪ್ರತಿ. ಅಪ್ಪ "ಇನ್ನೊಂದು ಇರ್ಲಿ ಬಿಡು" ಅಂತ ಮೂರು ತೆಗೆಸಿದರು.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಒಂಬತ್ತು ಅಂಕಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಅಂದ್ರೆ ಜನ ಪಿಸುಗುಟ್ಟುತ್ತಾರೆ. ಹಾಗಂತ ಇವರೇನು ಹುಟ್ಟು ಜಾಣರಲ್ಲ. 1936ರಲ್ಲಿ ಪಿಂಚಣಿ ಲೆಕ್ಕಕ್ಕೆ ಅಂತ ಈ ನಂಬರ್ ಕೊಡಲು ಶುರು ಮಾಡಿದರು. 1938ರಲ್ಲಿ ಪರ್ಸ್ ಮಾಡುವ ಕಂಪನಿಯೊಂದು ತನ್ನಲ್ಲೇ ಕೆಲಸಕ್ಕಿದ್ದ ಹೆಂಗಸಿನ ನಿಜವಾದ ನಂಬರನ್ನು ಮಾದರಿ ಚೀಟಿಯಲ್ಲಿ ಅಚ್ಚು ಹಾಕಿ ಪರ್ಸಿನೊಳಗೆ ಇಟ್ಟು ಮಾರಿತು. ಕೊಂಡವರು ಅದೇ ತಮ್ಮ ನಂಬರ್ ಅಂದುಕೊಂಡರು. ವರ್ಷಗಳು ಕಳೆದಂತೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ಬಳಸಿದರು! ಮುಂದೆ ಕೆಲವು ದಶಕ ಕಾರ್ಡಿನ ಮೇಲೆ 'ಇದು ಗುರುತಿಗಾಗಿ ಅಲ್ಲ' ಅಂತಲೇ ಬರೆದಿರುತ್ತಿತ್ತು. ಯಾರು ಕೇಳ್ತಾರೆ? ಸಾಲ, ಬಾಡಿಗೆ ಮನೆ, ತೆರಿಗೆ ಎಲ್ಲದಕ್ಕೂ ಅದೇ ನಂಬರ್ ಆಯಿತು.

ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 2017ರಲ್ಲಿ ಜನರ ಸಾಲದ ಲೆಕ್ಕ ಇಡುವ ಇಕ್ವಿಫ್ಯಾಕ್ಸ್ ಅನ್ನುವ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರ ಸೋರಿತು. ಮರುವರ್ಷ ಕಾನೂನು ಬಂದು 'ಕ್ರೆಡಿಟ್ ಫ್ರೀಜ್' ಪುಕ್ಕಟೆಯಾಯಿತು. ಅಂದ್ರೆ ಇಂಥ ಮೂರು ಕ್ರೆಡಿಟ್ ಸಂಸ್ಥೆಗಳಲ್ಲಿ ನಮ್ಮ ಕಡತಕ್ಕೆ ನಾವೇ ಬೀಗ ಹಾಕುವುದು, ಸಾಲ ಬೇಕಾದಾಗ ನಾವೇ ತೆಗೆಯುವುದು. ನಾನು ಹಾಕಿದ್ದು ತಡವಾಗಿ. ನಾನು ಅರ್ಜಿಯನ್ನೇ ಹಾಕದ ಕಾರ್ಡ್ ಕಂಪನಿಯೊಂದು 'ಅಭಿನಂದನೆ' ಅಂತ ಕಾಗದ ಬರೆದ ದಿನ.

ನಿಜ ಹೇಳಬೇಕೆಂದರೆ ಬೀಗ ನಮ್ಮೂರಿನದೇ ಗಟ್ಟಿ. ಇಲ್ಲಿ ಬರೀ ನಂಬರ್, ಹೆಸರು, ಹುಟ್ಟಿದ ದಿನ ಸಿಕ್ಕರೆ ಸಾಕು, ಇನ್ನೊಬ್ಬ ನಾನಾಗಿಬಿಡಬಹುದು. ಅಲ್ಲಿ ಮಾತೆತ್ತಿದರೆ ಒಟಿಪಿ. ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಇದೆ. ಬೆರಳಚ್ಚಿಗೂ ಬೀಗ ಹಾಕಬಹುದು. ನಮ್ಮಲ್ಲಿ ಇಲ್ಲದಿರುವುದು 'ಕೊಡಲ್ಲ' ಅನ್ನುವ ಅಭ್ಯಾಸ. ಇಲ್ಲಿ ಹಲ್ಲಿನ ಡಾಕ್ಟರ ಫಾರಮ್ಮಿನಲ್ಲಿ ಆ ನಂಬರಿನ ಜಾಗ ಖಾಲಿ ಬಿಡುತ್ತೇನೆ. ಕೌಂಟರಿನ ಹುಡುಗಿ ತಲೆ ಎತ್ತಿಯೂ ನೋಡುವುದಿಲ್ಲ. ಅದೇ ನಮ್ಮ ಕಡೆ ಲಾಡ್ಜಿನಲ್ಲಿ ಮಾಸ್ಕ್ಡ್ ಪ್ರತಿ ಕೊಟ್ಟರೆ, "ಯಾಕ್ ಸಾರ್, ನಮ್ ಮೇಲೆ ಅನುಮಾನನಾ?" ಆ ಮಾತಿಗೆ ನಾವು ಕರಗಿ ಪೂರ್ತಿ ಪ್ರತಿ ಕೊಟ್ಟುಬಿಡುತ್ತೇವೆ. ದಾಕ್ಷಿಣ್ಯ!

ಸರ್ಕಾರಕ್ಕೂ ಇದೇ ಕಾಯಿಲೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 'ಸಿಕ್ಕಸಿಕ್ಕವರಿಗೆ ಜೆರಾಕ್ಸ್ ಕೊಡಬೇಡಿ' ಅಂತ ಸರಿಯಾಗಿಯೇ ಹೇಳಿತ್ತು. ಜನ ತಪ್ಪು ತಿಳಿದಾರು ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡರು. ಮರುವರ್ಷ ಬೆಂಗಳೂರಿನಲ್ಲೇ, ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ದುಡ್ಡು ಎಗರಿಸಿದ್ದಾರೆ ಅಂತ ದೂರುಗಳು ಬಂದವು. ಆಧಾರ್ ನಂಬರ್ ಮತ್ತು ಬೆರಳಿನಿಂದ ದುಡ್ಡು ತೆಗೆಯುವಾಗ ಮಾತ್ರ ಒಟಿಪಿ ಇಲ್ಲ ನೋಡಿ.

ಅದನ್ನು ಓದಿದ ದಿನವೇ ಅಪ್ಪನ ಬೆರಳಚ್ಚಿಗೆ ಎಂಆಧಾರ್ ಆ್ಯಪಿನಲ್ಲಿ ಬೀಗ ಹಾಕಿಸಿದೆ. ಹೋದ ತಿಂಗಳು ಇಲ್ಲಿ ನಡುರಾತ್ರಿ ಆಗಿದ್ದಾಗ ಅಪ್ಪನ ಫೋನ್ ಬಂತು. ಸಿಮ್ ಅಂಗಡಿಯಲ್ಲಿ ನಾಲ್ಕು ಸಲ ಹೆಬ್ಬೆಟ್ಟು ಒತ್ತಿದರೂ ಆಗುತ್ತಿಲ್ಲವಂತೆ. ಬೀಗ ಸ್ವಲ್ಪ ಹೊತ್ತು ತೆಗೆಯುವುದು ಹೇಗೆ ಅಂತ ಫೋನಿನಲ್ಲೇ ಹೇಳಿಕೊಟ್ಟೆ. ಕೆಲಸ ಆಯಿತು.

"ಜೆರಾಕ್ಸ್ ಏನಾದ್ರೂ ಕೊಟ್ರಾ ಅಪ್ಪ?"

"ಕೇಳ್ದ. ನಾಲ್ಕು ನಂಬರ್ ಇರೋದನ್ನೇ ಕೊಟ್ಟೆ ಕಣೋ. ಮುಖ ಸಿಂಡರಿಸಿದ. ನಮ್ ಬೀದಿ ಹುಡುಗ, ಪಾಪ, ಏನಂದ್ಕೊಂಡ್ನೋ."