ಸತ್ಯಾಂಶ: ಶಾಲೆಯ ಇಮೇಲ್ ಡಿಲೀಟ್ ಮಾಡಿದರೆ ಮಾಯವಾಗುತ್ತಾ?

"ಶಾಲೆ ಕೊಟ್ಟ ಇಮೇಲ್‌ನಲ್ಲಿ ಮಕ್ಕಳು ಏನು ಬರೆದರೂ ಚಿಂತೆಯಿಲ್ಲ, ಡಿಲೀಟ್ ಮಾಡಿದರೆ ಯಾರಿಗೂ ಸಿಗಲ್ಲ." ಜಯನಗರದ ನಮ್ಮ ಪೋಷಕರ ವಾಟ್ಸಾಪ್ ಗುಂಪಿಗೂ ಈ ಫಾರ್ವರ್ಡ್ ಬಂತು. ಇದು ನಿಜವಲ್ಲ.

ಆ ಖಾತೆಯ ಉಸ್ತುವಾರಿ ಶಾಲೆಯದು. ಹಲವು ಶಾಲೆಗಳು ಬಳಸುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ (ಸಂಸ್ಥೆಗಳಿಗೆ ಗೂಗಲ್ ಕೊಡುವ ಇಮೇಲ್ ಮತ್ತಿತರ ಸೇವೆ) ಅಳಿಸಿದ ಮೇಲ್ ಸಾಮಾನ್ಯವಾಗಿ 30 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಅಲ್ಲಿಂದ ಹೋದ ಮೇಲೂ 25 ದಿನದೊಳಗೆ ಶಾಲೆಯ ಅಡ್ಮಿನ್ (ಖಾತೆಗಳನ್ನು ನೋಡಿಕೊಳ್ಳುವವರು) ಅದನ್ನು ವಾಪಸ್ ತರಬಹುದು. ವಾಲ್ಟ್ ಎಂಬ ಸೌಲಭ್ಯ ಬಳಸಿದರೆ ಇನ್ನೂ ಜಾಸ್ತಿ ಕಾಲ ಉಳಿಸಿಕೊಳ್ಳಬಹುದು. ಇನ್ನು ಕಳಿಸಿದ ಮೇಲ್ ಆ ಕಡೆಯವರ ಇನ್‌ಬಾಕ್ಸ್‌ನಲ್ಲಿ ಹಾಗೇ ಇರುತ್ತದೆ, ಅಲ್ವಾ?

ಇದನ್ನು ಹೇಳಿ ಮಕ್ಕಳನ್ನು ಸುಮ್ನೆ ಹೆದರಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ: ಈ ಖಾತೆ ಪಾಠಕ್ಕೆ, ಗೇಮ್‌ಗೆ ಬೇಡ. ಪಾಸ್‌ವರ್ಡ್ ಆಪ್ತ ಗೆಳೆಯರಿಗೂ ಕೊಡಬಾರದು. ಯಾರಾದರೂ ಕೆಟ್ಟದಾಗಿ ಬರೆದರೆ ಅಳಿಸದೆ ಟೀಚರ್‌ಗೆ ತೋರಿಸಲಿ.